ಹೆರಿಗೆಯ ಗಳಿಗೆಯಲ್ಲಿ ಕಣ್ಣಿನ ಅಂದಾಜು

ಹೆರಿಗೆಯ ಕೋಣೆಯಲ್ಲಿ ಕೂಡಿದವರ ಬಾಯಿಂದ ಮೂರು ಮಾತುಗಳು ಬಹು ಸುಲಭವಾಗಿ ಹೊರಡುತ್ತವೆ. ಕೂಸು ಹುಟ್ಟಿದ ಮೇಲೆ ತಾಯಿಯ ರಕ್ತವು ಹರಿಯುತ್ತಿರುವಾಗ, “ಕೆಟ್ಟ ರಕ್ತ, ಹೋಗಲಿ ಬಿಡು” ಎಂಬದು ಒಂದು. ಕೂಸು ಅಳದೆ ನೀಲಿಗಟ್ಟಿ ಸುಮ್ಮನೆ ಬಿದ್ದಿರುವಾಗ, “ಸತ್ತೇ ಹುಟ್ಟಿತು” ಎಂಬದು ಎರಡನೆಯದು. ಹುಟ್ಟಿದ ಕೂಸು ಅಂಗೈಯಗಲವೇ ಇರುವಾಗ, “ಇದು ಉಳಿಯುವ ಕೂಸಲ್ಲ” ಎಂಬದು ಮೂರನೆಯದು. ಹೀಗೆ ಹೇಳುವವರಲ್ಲಿ ಕೆಟ್ಟ ಮನಸ್ಸೇನೂ ಇಲ್ಲ. ಅವರು ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. ಆದರೆ ಮಾತು ಹೊರಟ ಕೂಡಲೆ ಕೆಲಸ ಮಾಡುತ್ತಿದ್ದ ಕೈಗಳು ನಿಂತುಬಿಡುತ್ತವೆ. ಕೈ ನಿಂತ ಆ ಹೊತ್ತಿನಲ್ಲಿ ಉಳಿಯಬಹುದಾಗಿದ್ದ ಜೀವವು ಹೋಗುತ್ತದೆ.

ಸೂಲಗಿತ್ತಿಯರ ವಿದ್ಯೆಯನ್ನು ಶೋಧಿಸಿದ ಪಂಡಿತರು ಕಳೆದ ಕೆಲವು ದಶಕಗಳಲ್ಲಿ ಈ ಮೂರು ಮಾತುಗಳನ್ನೂ ಪರೀಕ್ಷೆಗೆ ಒಡ್ಡಿದ್ದಾರೆ. ಅವರ ಶೋಧನೆಗಳಲ್ಲಿ ಬಹು ಮುಖ್ಯವಾದ ಕೆಲವು ದೂರದ ಸೀಮೆಗಳಲ್ಲಿ ಅಲ್ಲ, ನಮ್ಮ ಕನ್ನಡ ನಾಡಿನ ಬೆಳಗಾವಿ ಜಿಲ್ಲೆಯಲ್ಲಿಯೇ, ಹಳ್ಳಿಯ ದಾದಿಯರ ಕೈಯಿಂದ ನಡೆದವು. ಈ ಪಾಠದಲ್ಲಿ ನಾವು ಅವುಗಳನ್ನು ಕುರಿತು ವಿಚಾರಿಸುವೆವು. ಓದು ಬಾರದ ತಾಯಂದಿರಿಗೂ ಅತ್ತೆಯಂದಿರಿಗೂ ಇದನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳುವದು ಒಳ್ಳೇದು. ಗಂಡಸರು ಇದು ಹೆಂಗಸರ ಮಾತೆಂದು ಎದ್ದುಹೋಗಬಾರದು. ಯಾಕಂದರೆ ಬಂಡಿಯನ್ನೋ ಮೋಟರನ್ನೋ ಕರೆಯುವದು, ಹಣ ತರುವದು, ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವದು ಹೆಚ್ಚಾಗಿ ಅವರ ಕೈಯಲ್ಲಿಯೇ ಇದೆ.

ಮೊದಲು ರಕ್ತದ ಮಾತು. ದಿನ ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷವೊಂದಕ್ಕೆ ಸುಮಾರು ಅರ್ಧ ಲೀಟರು ರಕ್ತವು ಹರಿದು ಬರುತ್ತದೆ. ಈ ರಕ್ತವು ಮಾಸಿನ ಮೂಲಕ ಕೂಸನ್ನು ಸಾಕುತ್ತದೆ. (ಮಾಸನ್ನು ಕೆಲವು ಸೀಮೆಗಳಲ್ಲಿ ಕಸವೆಂದು ಕರೆಯುತ್ತಾರೆ.) ಕೂಸು ಹುಟ್ಟಿ, ಮಾಸು ಗರ್ಭಕೋಶದ ಗೋಡೆಯಿಂದ ಕಳಚಿ ಬೀಳುವಾಗ ಅದು ಅಂಟಿಕೊಂಡಿದ್ದ ಸ್ಥಳದಲ್ಲಿ ರಕ್ತನಾಳಗಳು ಬಾಯಿ ತೆರೆದು ನಿಲ್ಲುತ್ತವೆ. ಆ ಬಾಯಿಗಳನ್ನು ಮುಚ್ಚುವದು ಯಾವದು? ಗರ್ಭಕೋಶದ ಮಾಂಸವೇ. ಅದರ ಎಳೆಗಳು ಆ ನಾಳಗಳ ಸುತ್ತಲೂ ಹೆಣೆದುಕೊಂಡಿರುತ್ತವೆ. ಎಲೆಯಡಿಕೆಯ ಸಂಚಿಯ ದಾರವನ್ನು ಎಳೆದರೆ ಸಂಚಿಯ ಬಾಯಿ ಮುಚ್ಚುವಂತೆ, ಗರ್ಭಕೋಶವು ಬಿಗಿದುಕೊಂಡರೆ ನಾಳಗಳ ಬಾಯಿಯೂ ಮುಚ್ಚುತ್ತದೆ. ಆಗ ಹೊಕ್ಕುಳಿನ ಹತ್ತಿರ ಕೈಯಿಟ್ಟರೆ ಅದು ಗಟ್ಟಿಯಾದ ಚೆಂಡಿನಂತೆ ತಗಲುವದು. ಅದು ಸಡಿಲವಾಗಿ, ಕಲಸಿದ ಹಿಟ್ಟಿನಂತೆ ಮೆತ್ತಗಿದ್ದರೆ ದಾರವನ್ನು ಯಾರೂ ಎಳೆಯಲಿಲ್ಲವೆಂದು ತಿಳಿಯತಕ್ಕದ್ದು. ರಕ್ತವು ಹರಿಯುತ್ತಲೇ ಇರುವದು. ಬೇನೆಯು ಬಹಳ ಹೊತ್ತು ಎಳೆದಿದ್ದರೆ, ಅವಳಿ ಕೂಸುಗಳಿದ್ದರೆ, ಮಾಸಿನ ತುಂಡು ಒಳಗೆ ಉಳಿದಿದ್ದರೆ ಹೀಗಾಗುವದುಂಟು. ಆದರೆ ಯಾವ ಕಾರಣವೂ ಮುಂದಾಗಿ ಕಾಣದ, ಆರೋಗ್ಯವುಳ್ಳ ಸ್ತ್ರೀಗೂ ಹೀಗಾಗುವದುಂಟು. ಇದೇ ಭಯಂಕರವಾದ ಸಂಗತಿ.

ಕೆಟ್ಟ ರಕ್ತವೆಂಬದು ಬೇರೆ ಒಂದಿಲ್ಲ. ಹೆರಿಗೆಯಲ್ಲಿ ಹರಿಯುವದು ತಾಯಿಯ ಹೃದಯದಿಂದ ಬರುವ, ಅವಳ ಮೈಯಲ್ಲೆಲ್ಲಾ ಸಂಚರಿಸುವ ಅದೇ ರಕ್ತ. ಹೆರಿಗೆಯಾದ ಮೇಲೆ ಸ್ವಲ್ಪ ರಕ್ತ ಹೋಗುವದು ಸ್ವಾಭಾವಿಕವೇ, ಗರ್ಭಿಣಿಯ ಮೈಯಲ್ಲಿ ಅದಕ್ಕೋಸ್ಕರ ರಕ್ತವು ಹೆಚ್ಚಿಯೂ ಇರುತ್ತದೆ. ಅದು ಅರ್ಧ ಲೀಟರನ್ನು, ಅಂದರೆ 500 ಮಿಲಿಲೀಟರನ್ನು ಮುಟ್ಟಿದರೆ ವೈದ್ಯರು ಅದನ್ನು ಅಧಿಕ ರಕ್ತಸ್ರಾವವೆಂದು ಎಣಿಸುತ್ತಾರೆ. ಒಂದು ಲೀಟರು ಹೋದರೆ ಕಠಿಣವಾದ ರಕ್ತಸ್ರಾವ. ಮೊದಲೇ ರಕ್ತ ಕಡಿಮೆಯಾಗಿ ಬಿಳುಪೇರಿದ ಸ್ತ್ರೀಯು ಅಷ್ಟನ್ನು ಸಹ ತಾಳಲಾರಳು.

ಹಾಗಾದರೆ ಅರ್ಧ ಲೀಟರು ಹೋಯಿತೆಂದು ತಿಳಿಯುವದು ಹೇಗೆ? ಈ ಪ್ರಶ್ನೆಯನ್ನು ಬೆಳಗಾವಿಯಲ್ಲಿ ಕೇಳಿದರು. ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೇರಿಕದ ಪಂಡಿತರೊಂದಿಗೆ ಕೂಡಿ ಒಂದು ಸಾಧನವನ್ನು ಉಪಯೋಗಿಸಿದರು. ಅದು ಪ್ಲಾಸ್ಟಿಕ್ಕಿನ ಒಂದು ಹಾಳೆ; ಹೆರಿಗೆಯಾದ ಕೂಡಲೆ ಅದನ್ನು ತಾಯಿಯ ನಡುವಿನ ಕೆಳಗೆ ಹಾಸುತ್ತಾರೆ. ಅದರ ಒಂದು ತುದಿಯಲ್ಲಿ ಆಲಿಕೆಯ ಆಕಾರದ ಚೀಲವಿದ್ದು, ಅದರ ಮೇಲೆ ಹಾಲಳೆಯುವ ಪಾತ್ರೆಯಲ್ಲಿರುವಂತೆ ಗೆರೆಗಳು ಇರುತ್ತವೆ. ರಕ್ತವು ಚೀಲಕ್ಕೆ ಇಳಿದು ಬರುತ್ತದೆ. ಗೆರೆಯನ್ನು ನೋಡಿ ಎಷ್ಟೆಂದು ಓದಬಹುದು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ ಹೆತ್ತ 123 ಸ್ತ್ರೀಯರಲ್ಲಿ ಕೆಲವರ ರಕ್ತವನ್ನು ಹಿಂದಿನ ಪದ್ಧತಿಯಂತೆ ಕಣ್ಣಿನಿಂದ ಅಂದಾಜು ಮಾಡಿದರು, ಉಳಿದವರದನ್ನು ಈ ಹಾಳೆಯಿಂದ ಅಳೆದರು. 2006 ರಲ್ಲಿ ಪ್ರಕಟವಾದ ಅದರ ಫಲವೇನಂದರೆ, ಕಣ್ಣಿನ ಅಂದಾಜು ಹಾಳೆಯ ಅಳತೆಗಿಂತ ನೂರಕ್ಕೆ 33 ರಷ್ಟು ಕಡಿಮೆಯಾಗಿತ್ತು. ಅಂದಾಜು ಮಾಡಿದವರು ಅನುಭವವಿಲ್ಲದವರಲ್ಲ, ಆಸ್ಪತ್ರೆಯವರೇ. ಬಟ್ಟೆಯು ಕುಡಿದ ರಕ್ತ, ಹಾಸಿಗೆಯ ಕೆಳಗೆ ಇಳಿದ ರಕ್ತ, ನೀರಿನೊಂದಿಗೆ ಕೂಡಿಹೋದ ರಕ್ತ, ಇವೆಲ್ಲಾ ಕಣ್ಣಿಗೆ ಲೆಕ್ಕವಾಗುವದಿಲ್ಲ. ಜಿಲ್ಲಾ ಆಸ್ಪತ್ರೆಯ ದೀಪದ ಬೆಳಕಿನಲ್ಲಿ ನೋಡುವ ಕಣ್ಣೇ ಮೂರನೆಯ ಒಂದು ಪಾಲನ್ನು ಕಾಣದೆ ಹೋದರೆ, ಮಣ್ಣಿನ ನೆಲದ ಕತ್ತಲೆ ಕೋಣೆಯಲ್ಲಿ ಮುದುಕಿಯ ಕಣ್ಣು ಎಷ್ಟನ್ನು ಕಂಡೀತು?

ಈ ಹಾಳೆಯು ಇನ್ನೂ ದೊಡ್ಡದಾದ ಒಂದು ಪರೀಕ್ಷೆಯಲ್ಲಿಯೂ ಕೆಲಸಕ್ಕೆ ಬಂದಿತು. ಗರ್ಭಕೋಶವನ್ನು ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್ ಎಂಬ ಸೂಜಿಮದ್ದು ಬಹು ಕಾಲದಿಂದ ಆಸ್ಪತ್ರೆಗಳಲ್ಲಿ ಇದೆ. ಇಂದಿಗೂ ಅದೇ ಮೊದಲನೆಯ ಮದ್ದು. ಆದರೆ ಅದನ್ನು ತಣ್ಣಗೆ ಇಡಬೇಕು, ಸೂಜಿ ಹಾಕಬಲ್ಲವರು ಬೇಕು. ಬೇಸಿಗೆಯಲ್ಲಿ ವಿದ್ಯುತ್ತು ಹೋದ ಹಳ್ಳಿಯಲ್ಲಿ ಅದರ ಬಲವು ಕುಗ್ಗುತ್ತದೆ. ಹೊಟ್ಟೆಯ ಹುಣ್ಣಿಗಾಗಿ ತಯಾರಾದ ಮಿಸೊಪ್ರೊಸ್ಟೋಲ್ ಎಂಬ ಗುಳಿಗೆಯೋ ತಣ್ಣಗಿನ ಪೆಟ್ಟಿಗೆಯನ್ನು ಕೇಳುವದಿಲ್ಲ, ಬಾಯಿಂದ ನುಂಗಿದರೆ ಸಾಕು. ಅದೂ ಗರ್ಭಕೋಶವನ್ನು ಬಿಗಿಯುತ್ತದೆ. ಹಳ್ಳಿಯ ದಾದಿಯು ಇದನ್ನು ಕೊಟ್ಟರೆ ರಕ್ತಸ್ರಾವವನ್ನು ತಡೆಯಬಹುದೋ? ವೈದ್ಯರಾದ ಕೊಡ್ಕಣಿ, ಗೌಡರ, ಅಮೇರಿಕದ ಡರ್ಮನ್ ಮುಂತಾದವರು ಇದನ್ನು ಪರೀಕ್ಷಿಸಿದರು.

2002 ರ ಸೆಪ್ಟೆಂಬರದಿಂದ 2005 ರ ದಶಂಬರದ ವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಮನೆಗಳಲ್ಲಿಯೂ ಆರೋಗ್ಯ ಉಪಕೇಂದ್ರಗಳಲ್ಲಿಯೂ ಹೆತ್ತ 1620 ತಾಯಂದಿರು ಇದರಲ್ಲಿ ಸೇರಿದರು. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ರಕ್ತವನ್ನು ಅಳೆದು ಬರೆದವರು 25 ಮಂದಿ ಹಳ್ಳಿಯ ದಾದಿಯರೇ. ವೈದ್ಯರು ಕೋಣೆಯಲ್ಲಿ ಇರಲಿಲ್ಲ. 812 ಮಂದಿಗೆ ಮದ್ದುಳ್ಳ ಗುಳಿಗೆ, 808 ಮಂದಿಗೆ ನೋಟಕ್ಕೆ ಅದೇ ತರದ, ಆದರೆ ಮದ್ದಿಲ್ಲದ ಗುಳಿಗೆ ಸಿಕ್ಕಿತು. ಯಾರಿಗೆ ಯಾವದೆಂದು ಚೀಟಿ ಎತ್ತಿದ ಹಾಗೆ ನಿಶ್ಚಯವಾಯಿತು. ಕೊಟ್ಟವಳಿಗೂ ನುಂಗಿದವಳಿಗೂ ಅದು ತಿಳಿಯದು. ಹೀಗೆ ಯಾಕೆ ಮಾಡುತ್ತಾರೆಂದು ರೈತರಾದ ವಾಚಕರು ಬೇಗನೆ ಗ್ರಹಿಸುವರು. ಹೊಸ ಗೊಬ್ಬರವು ಒಳ್ಳೇದೋ ಎಂದು ತಿಳಿಯಬೇಕಾದರೆ ಒಂದೇ ಹೊಲದ ಅರ್ಧಕ್ಕೆ ಅದನ್ನು ಹಾಕಿ, ಅರ್ಧಕ್ಕೆ ಹಾಕದೆ, ನೀರು ಬಿತ್ತನೆಗಳನ್ನು ಸಮವಾಗಿ ನಡಿಸಿ, ಸುಗ್ಗಿಯಲ್ಲಿ ಎರಡನ್ನೂ ತೂಗುವದಲ್ಲವೇ? ಒಳ್ಳೇ ಮಣ್ಣಿಗೆ ಮಾತ್ರ ಗೊಬ್ಬರವನ್ನು ಹಾಕಿದರೆ ಹೊಗಳಿಕೆ ಗೊಬ್ಬರಕ್ಕೆ ಸಲ್ಲುವದೋ ಮಣ್ಣಿಗೆ ಸಲ್ಲುವದೋ ತಿಳಿಯದು. ಮದ್ದಿಲ್ಲದ ಗುಳಿಗೆಯನ್ನು ಕೊಟ್ಟದ್ದು ನ್ಯಾಯವೋ ಎಂದು ಕೇಳುವವರೂ ಇರಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಆ ಕಾಲದಲ್ಲಿ ಅಂಥ ಹಳ್ಳಿಯ ಹೆರಿಗೆಗಳಲ್ಲಿ ರಕ್ತಸ್ರಾವವನ್ನು ಮುಂದಾಗಿ ತಡೆಯುವ ಯಾವ ಮದ್ದನ್ನೂ ಕೊಡುವ ಪದ್ಧತಿ ಇರಲಿಲ್ಲ. ಎರಡು ಗುಂಪಿನವರ ಬಳಿಯಲ್ಲಿಯೂ ಕಲಿತ ದಾದಿಯು ಕೂತು ಅಳೆಯುತ್ತಿದ್ದಳು.

ಲೆಕ್ಕವನ್ನು ಬಿಚ್ಚಿದಾಗ ಕಂಡದ್ದೇನು? ಮದ್ದಿಲ್ಲದ ಗುಳಿಗೆಯನ್ನು ನುಂಗಿದವರಲ್ಲಿ ಎರಡು ಗಂಟೆಗಳೊಳಗೆ ಅರ್ಧ ಲೀಟರು ಅಥವಾ ಅದಕ್ಕೂ ಹೆಚ್ಚು ರಕ್ತ ಹೋದವರು ನೂರಕ್ಕೆ 12. ಮದ್ದನ್ನು ನುಂಗಿದವರಲ್ಲಿ ನೂರಕ್ಕೆ 6.4. ಒಂದು ಲೀಟರು ಅಥವಾ ಹೆಚ್ಚು ಹೋದವರು ನೂರಕ್ಕೆ 1.2 ಇದ್ದದ್ದು 0.2 ಕ್ಕೆ ಇಳಿಯಿತು. ಹದಿನೆಂಟು ತಾಯಂದಿರಿಗೆ ಗುಳಿಗೆಯನ್ನು ಕೊಟ್ಟರೆ ಒಬ್ಬಳ ಅಧಿಕ ರಕ್ತಸ್ರಾವವು ತಪ್ಪುತ್ತದೆಂದು ಲೆಕ್ಕ ಹಾಕಿದರು. ಚಳಿ ನಡುಕವೂ ಜ್ವರವೂ ಮದ್ದು ನುಂಗಿದವರಲ್ಲಿ ಹೆಚ್ಚಾಗಿ ಕಂಡವು, ಆದರೆ ಅವು ಬೇಗ ಇಳಿದುಹೋದವು. 2006 ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು. 2011 ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಆಕ್ಸಿಟೋಸಿನ್ ದೊರೆಯದ ಸ್ಥಳಗಳಲ್ಲಿ ಹೆರಿಗೆಯ ರಕ್ತಸ್ರಾವವನ್ನು ತಡೆಯುವದಕ್ಕಾಗಿ ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಯಲ್ಲಿ ಸೇರಿಸಿತು. ಬೆಳಗಾವಿಯ ಇಪ್ಪತ್ತೈದು ದಾದಿಯರ ಬರಹವು ಹೀಗೆ ಆಫ್ರಿಕದ ತಾಯಂದಿರ ವರೆಗೆ ಹೋಗಿ ಮುಟ್ಟಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆವು. ಈ ಗುಳಿಗೆಯನ್ನು ಅಂಗಡಿಯಿಂದ ತಂದು ಮನೆಯವರೇ ಕೊಡಕೂಡದು. ಕೂಸು ಇನ್ನೂ ಒಳಗಿರುವಾಗ ಅಷ್ಟು ಮದ್ದನ್ನು ಕೊಟ್ಟರೆ ಗರ್ಭಕೋಶವು ಹರಿದು ತಾಯಿಯೂ ಕೂಸೂ ಸಾಯಬಹುದು. ಎರಡನೆಯ ಕೂಸು ಹೊಟ್ಟೆಯಲ್ಲಿ ಇಲ್ಲವೆಂದು ಕೈಯಿಟ್ಟು ನಿಶ್ಚಯ ಮಾಡಿಕೊಂಡ ಮೇಲೆಯೇ, ಕಲಿತ ದಾದಿಯು ಕೊಡತಕ್ಕದ್ದು. ಬೇನೆ ಬೇಗ ಬರಲೆಂದು ಸೂಜಿ ಹಾಕಿಸುವ ಕೆಟ್ಟ ಪದ್ಧತಿಯೂ ಕೆಲವು ಕಡೆಗಳಲ್ಲಿ ಉಂಟು. ಅಳತೆಯಿಲ್ಲದೆ ಹಾಕಿದ ಆ ಸೂಜಿಯಿಂದ ಕೂಸಿಗೆ ಉಸಿರು ಕಟ್ಟುತ್ತದೆ. ಅದನ್ನು ಕೇಳುವವರೂ ಹಾಕುವವರೂ ದೊಡ್ಡ ತಪ್ಪು ಮಾಡುತ್ತಾರೆಂದೇ ನಾವು ಹೇಳುವೆವು.

ಅಳೆಯುವ ಹಾಳೆಯ ಕಥೆ ಬೆಳಗಾವಿಯಲ್ಲಿ ಮುಗಿಯಲಿಲ್ಲ. ಕೀನ್ಯ, ನೈಜೀರಿಯ, ದಕ್ಷಿಣ ಆಫ್ರಿಕ, ಟಾಂಜಾನಿಯ ಎಂಬ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಕುರಿತು ನಡೆದ ದೊಡ್ಡ ಪರೀಕ್ಷೆಯ ಫಲವು 2023 ರಲ್ಲಿ ಹೊರಬಂದಿತು. ಅರ್ಧ ಆಸ್ಪತ್ರೆಗಳಲ್ಲಿ ಪ್ರತಿ ತಾಯಿಯ ರಕ್ತವನ್ನು ಗೆರೆಯುಳ್ಳ ಹಾಳೆಯಿಂದ ಅಳೆದರು. ಗೆರೆ ಮುಟ್ಟಿದ ಕೂಡಲೆ ಗರ್ಭಕೋಶವನ್ನು ತಿಕ್ಕುವದು, ಬಿಗಿಯುವ ಮದ್ದು, ರಕ್ತ ಕಟ್ಟಿಸುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಮದ್ದು, ನಾಳದ ಮೂಲಕ ದ್ರವ, ಹರುಕು ಉಂಟೋ ಮಾಸಿನ ತುಂಡು ಉಳಿದಿದೆಯೋ ಎಂಬ ಪರೀಕ್ಷೆ, ಇವನ್ನೆಲ್ಲಾ ಒಂದರ ತರುವಾಯ ಒಂದಾಗಿ ಕಾಯದೆ ಒಟ್ಟಿಗೆ ಮಾಡಿದರು. ಹಿಂದಿನ ಪದ್ಧತಿಯ ಆಸ್ಪತ್ರೆಗಳಲ್ಲಿ ಅಧಿಕ ರಕ್ತಸ್ರಾವವಾದವರಲ್ಲಿ ಅರ್ಧ ಮಂದಿಯನ್ನು ಮಾತ್ರ ಸಮಯಕ್ಕೆ ಕಂಡುಹಿಡಿದರು. ಅಳೆದ ಆಸ್ಪತ್ರೆಗಳಲ್ಲಿ ನೂರಕ್ಕೆ 93 ಮಂದಿಯನ್ನು. ಒಂದು ಲೀಟರು ರಕ್ತ ಹೋಗುವದು, ಹೊಟ್ಟೆಯನ್ನು ಕೊಯ್ಯಬೇಕಾಗುವದು, ರಕ್ತ ಹೋಗಿ ಸಾಯುವದು, ಈ ಮೂರು ಒಟ್ಟಾಗಿ ನೂರಕ್ಕೆ 4.3 ರಿಂದ 1.6 ಕ್ಕೆ ಇಳಿದವು. ಮದ್ದುಗಳಲ್ಲಿ ಹೊಸದಾದದ್ದು ಏನೂ ಇರಲಿಲ್ಲ. ಎಲ್ಲವೂ ಮೊದಲೇ ಕಪಾಟಿನಲ್ಲಿ ಇದ್ದವು. ಇಲ್ಲದ್ದು ಅಳತೆ. 2025 ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇನ್ನೂ ಮುಂದೆ ಹೋಗಿ, ಅರ್ಧ ಲೀಟರಿಗೆ ಕಾಯಬೇಕಾಗಿಲ್ಲ. 300 ಮಿಲಿಲೀಟರು ಹೋಗಿರುವಾಗಲೇ ತಾಯಿಯ ನಾಡಿಯಲ್ಲಿಯಾಗಲಿ ರಕ್ತದೊತ್ತಡದಲ್ಲಿಯಾಗಲಿ ಏರುಪೇರು ಕಂಡರೆ ಚಿಕಿತ್ಸೆಯನ್ನು ಆರಂಭಿಸಬೇಕೆಂದು ತಿಳಿಸಿತು.

ರಕ್ತ ಹೋಗದಂತೆ ತಡೆಯುವ ಕೆಲಸವು ಹೆರಿಗೆಯ ದಿನದಲ್ಲಿ ಆರಂಭವಾಗುವದಿಲ್ಲ. 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಐದು ಸೇರು ಕಾಳುಳ್ಳ ಮನೆಯಿಂದ ಒಂದು ಸೇರು ಹೋಗುವದೂ ಎರಡು ಸೇರುಳ್ಳ ಮನೆಯಿಂದ ಒಂದು ಸೇರು ಹೋಗುವದೂ ಒಂದೇ ಅಲ್ಲ. ಸರಕಾರದವರು ಗರ್ಭಿಣಿಗೆ ಕೊಡುವ ಕಬ್ಬಿಣದ ಗುಳಿಗೆಗಳು ದಿನಕ್ಕೊಂದರಂತೆ 180 ದಿನಗಳ ವರೆಗೆ. ಹೆರಿಗೆಯ ತರುವಾಯವೂ ಅಷ್ಟೇ ದಿನ. ಅವು ಮಲವನ್ನು ಕಪ್ಪು ಮಾಡುತ್ತವೆ, ಕೆಲವರಿಗೆ ಹೊಟ್ಟೆ ತೊಳಸುವದೂ ಉಂಟು. ಅದಕ್ಕೆ ಹೆದರಿ ಗುಳಿಗೆಗಳನ್ನು ಗೂಡಿನಲ್ಲಿ ಇಟ್ಟುಬಿಡುವವರು ಬಹಳ ಮಂದಿ. ಚಹದೊಂದಿಗೆ ನುಂಗಿದರೆ ಕಬ್ಬಿಣವು ಮೈಗೆ ಹತ್ತುವದಿಲ್ಲ. ಊಟವಾದ ಮೇಲೆ ನಿಂಬೆಯ ನೀರಿನೊಂದಿಗೆ ನುಂಗಿದರೆ ಹತ್ತುವದು. ಕೂಸು ದೊಡ್ಡದಾದರೆ ಹೆರಿಗೆ ಕಷ್ಟವೆಂದು ಹೆದರಿ ಗರ್ಭಿಣಿಯ ಅನ್ನವನ್ನು ಕಡಿಮೆ ಮಾಡುವದು ಹಳೆಯ ಕಾಲದಿಂದ ಬಂದ ಕ್ರೂರತನ. ಕಿರಿಯ ಸೊಸೆಯು ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಮನೆಗಳಲ್ಲಿ ಗುಳಿಗೆಯೊಂದೇ ಎಲ್ಲವನ್ನೂ ಸರಿಪಡಿಸಲಾರದು.

ಈಗ ಎರಡನೆಯ ಮಾತಿಗೆ ಬರುವೆವು: “ಸತ್ತೇ ಹುಟ್ಟಿತು.” ಹುಟ್ಟಿದ ಕೂಸು ಅಳದೆ, ಉಸಿರಾಡದೆ, ಕೈಕಾಲು ಜೋಲುಬಿಟ್ಟಿದ್ದರೆ ನೋಡಿದವರು ಏನು ತಿಳಿಯುವರು? ಆದರೆ ಹೊಕ್ಕುಳಬಳ್ಳಿಯ ಬುಡವನ್ನು ಎರಡು ಬೆರಳುಗಳಿಂದ ಹಿಡಿದು ನೋಡಿದರೆ ಎಷ್ಟೋ ಸಾರಿ ಅಲ್ಲಿ ಮಿಡಿತವು ತಗಲುವದು. ಹೃದಯವು ಬಡಿಯುತ್ತಾ ಇದೆ. ಉಸಿರು ಮಾತ್ರ ಹೊರಡಲಿಲ್ಲ. ಅಂಥ ಕೂಸು ಸತ್ತದ್ದಲ್ಲ. ಕೆಲವೇ ನಿಮಿಷಗಳಲ್ಲಿ ಸಾಯುವದಕ್ಕಿರುವದು. ತಲೆಕೆಳಗಾಗಿ ಹಿಡಿದು ಹೊಡೆಯುವದು, ತಣ್ಣೀರನ್ನು ಎರಚುವದು, ಮಾಸನ್ನು ಕಾಯಿಸಿದರೆ ಕೂಸಿಗೆ ಜೀವ ಬರುವದೆಂದು ಕಾಯುವದು, ಈ ಹಳೆಯ ಉಪಾಯಗಳೆಲ್ಲಾ ಆ ಕೆಲವೇ ನಿಮಿಷಗಳನ್ನು ತಿಂದುಹಾಕುತ್ತವೆ.

ಮಾಡತಕ್ಕದ್ದು ಸುಲಭವಾದದ್ದೇ. ಒಣಗಿದ ಬಟ್ಟೆಯಿಂದ ಕೂಸನ್ನು ಚೆನ್ನಾಗಿ ಒರಸಿ, ಒದ್ದೆ ಬಟ್ಟೆಯನ್ನು ತೆಗೆದುಹಾಕಿ, ಬೆಚ್ಚಗೆ ಇಟ್ಟು, ಬೆನ್ನನ್ನು ಮೃದುವಾಗಿ ತಿಕ್ಕುವದು. ಬಹಳ ಕೂಸುಗಳು ಇಷ್ಟರಿಂದಲೇ ಅಳುವವು. ಬಾಯಲ್ಲಿ ಕೊಳೆ ತುಂಬಿದ್ದರೆ ಮಾತ್ರ ತೆಗೆಯುವದು. ಆದರೂ ಉಸಿರು ಬಾರದಿದ್ದರೆ ಹೊಕ್ಕುಳಬಳ್ಳಿಯನ್ನು ಕಟ್ಟಿ ಕತ್ತರಿಸಿ, ಮೂಗನ್ನೂ ಬಾಯನ್ನೂ ಮುಚ್ಚುವ ಸಣ್ಣ ಮುಸುಕುಳ್ಳ ರಬ್ಬರಿನಂಥ ಚೀಲವನ್ನು ಕೈಯಿಂದ ಒತ್ತಿ ಶ್ವಾಸಕೋಶಕ್ಕೆ ಗಾಳಿಯನ್ನು ತುಂಬುವದು. ಇದೆಲ್ಲಾ ಹುಟ್ಟಿದ ಒಂದು ನಿಮಿಷದೊಳಗೆ ಆರಂಭವಾಗಬೇಕು. ಈ ಒಂದು ನಿಮಿಷಕ್ಕೆ ಬಂಗಾರದ ನಿಮಿಷವೆಂದು ಹೆಸರಿಟ್ಟಿದ್ದಾರೆ. ಯಂತ್ರ ಬೇಡ, ವಿದ್ಯುತ್ತು ಬೇಡ, ಆಮ್ಲಜನಕದ ಉರುಳೆ ಸಹ ಬೇಡ. ಕೋಣೆಯ ಗಾಳಿಯೇ ಹೆಚ್ಚಿನ ಕೂಸುಗಳಿಗೆ ಸಾಕು.

2010 ರಲ್ಲಿ ಆರು ದೇಶಗಳ ಹಳ್ಳಿಗಳಿಂದ ಬಂದ ಒಂದು ವರದಿಯಲ್ಲಿ ಬೆಳಗಾವಿಯೂ ಸೇರಿತ್ತು. ಸೂಲಗಿತ್ತಿಯರಿಗೂ ದಾದಿಯರಿಗೂ ಹುಟ್ಟಿದ ಕೂಸಿನ ಆರೈಕೆಯನ್ನು ಕಲಿಸಿದ ಮೇಲೆ, ಸಾವಿರ ಹೆರಿಗೆಗಳಿಗೆ 23 ಕೂಸುಗಳು ಸತ್ತು ಹುಟ್ಟುತ್ತಿದ್ದದ್ದು 15.9 ಕ್ಕೆ ಇಳಿಯಿತು. ತರುವಾಯ ಬೆಳಗಾವಿಯ ಸೀಮೆಯಲ್ಲಿ 599 ಮಂದಿ ಹೆರಿಗೆ ಮಾಡಿಸುವವರಿಗೆ ಉಸಿರು ಕೊಡುವ ಕ್ರಮವನ್ನು ಬೊಂಬೆಯ ಮೇಲೆ ಕೈಯಿಂದ ಮಾಡಿಸಿ ಕಲಿಸಿದರು. 2013 ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಸತ್ತು ಹುಟ್ಟಿದ ಕೂಸುಗಳು ನೂರಕ್ಕೆ 3 ರಿಂದ 2.3 ಕ್ಕೆ ಇಳಿದವು. ಅವುಗಳಲ್ಲಿ ಮೈಚರ್ಮ ಕೆಡದೆ ಆಗಲೇ ಸತ್ತಂತೆ ಕಂಡವು ನೂರಕ್ಕೆ 1.7 ರಿಂದ 0.9 ಕ್ಕೆ, ಅಂದರೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದವು.

ವಾಚಕರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸತ್ತ ಕೂಸಿಗೆ ಗಾಳಿಯನ್ನು ತುಂಬಿದರೆ ಅದು ಏಳಲಾರದು. ಆದಕಾರಣ ಒಂದು ನಿಮಿಷದ ಉಸಿರಿನಿಂದ ಎದ್ದ ಕೂಸುಗಳು ಸತ್ತವುಗಳಾಗಿರಲಿಲ್ಲ. ಹಿಂದಿನ ವರುಷಗಳಲ್ಲಿ ಅಂಥವುಗಳನ್ನೇ ಬಟ್ಟೆಯಲ್ಲಿ ಸುತ್ತಿ, ತಾಯಿಗೆ ತೋರಿಸದೆ ಮಣ್ಣು ಮಾಡಿದ್ದಾರೆ. ಎಷ್ಟೋ ಸ್ತ್ರೀಯರು ಸತ್ತ ಕೂಸನ್ನೇ ಹೆರುವವಳೆಂಬ ಹೆಸರನ್ನು ಹೊತ್ತು, ಗಂಡನ ಮನೆಯಲ್ಲಿ ನಿಂದೆಯನ್ನು ತಿಂದು ಬದುಕಿದ್ದಾರೆ. ಅವರು ಹೆತ್ತದ್ದು ಜೀವವುಳ್ಳ ಕೂಸನ್ನು ಆಗಿರಬಹುದು. ಈ ಶೋಧನೆಯು ಬರೇ ಕೂಸುಗಳನ್ನಲ್ಲ, ಅಂಥ ತಾಯಂದಿರ ಮರ್ಯಾದೆಯನ್ನೂ ಹಿಂದಕ್ಕೆ ತಂದಿತೆಂದು ನಾವು ಎಣಿಸುತ್ತೇವೆ. ಆದರೂ ಇನ್ನೊಂದು ಮಾತನ್ನು ಮುಚ್ಚಿಡಕೂಡದು: ಬೆಳಗಾವಿಯ ಅದೇ ಲೆಕ್ಕದಲ್ಲಿ, ಜೀವದಿಂದ ಹುಟ್ಟಿ ತಿಂಗಳೊಳಗೆ ಸಾಯುವ ಕೂಸುಗಳ ಸಂಖ್ಯೆಯು ಇಳಿಯಲಿಲ್ಲ. ಮೊದಲನೆಯ ಉಸಿರನ್ನು ಕೊಟ್ಟರೆ ಸಾಲದು. ಮುಂದಿನ ದಿನಗಳ ಚಳಿ, ನಂಜು, ಹಾಲಿಲ್ಲದಿರುವದು, ಇವುಗಳೂ ಕೊಲ್ಲುತ್ತವೆ.

ಆ ದಿನಗಳ ಆರೈಕೆಯಲ್ಲಿ ಹೆಚ್ಚಿನದು ಮಾಡಬಾರದ್ದನ್ನು ಬಿಡುವದೇ. ಹುಟ್ಟಿದ ದಿನ ಕೂಸಿಗೆ ನೀರೆರೆಯಬಾರದು. ಕಡಿಮೆಯಂದರೆ ಒಂದು ದಿನ ಕಾಯಬೇಕು. ಎರೆಯುವ ಮುದುಕಿಯರಿಗೆ ಈ ಮಾತು ಹಿಡಿಸದೆಂದು ಬಲ್ಲೆವು. ಚೆನ್ನಾಗಿ ಉಸಿರಾಡುವ ಕೂಸಿನ ಹೊಕ್ಕುಳಬಳ್ಳಿಯನ್ನು ಅವಸರದಿಂದ ಕತ್ತರಿಸದೆ ಒಂದರಿಂದ ಮೂರು ನಿಮಿಷ ತಡೆದರೆ ಮಾಸಿನಲ್ಲಿರುವ ರಕ್ತವು ಕೂಸಿಗೆ ಸೇರಿ, ಮುಂದಿನ ತಿಂಗಳುಗಳಲ್ಲಿ ಅದಕ್ಕೆ ಕಬ್ಬಿಣವು ಸಾಲುತ್ತದೆ. ಕತ್ತರಿಸಿದ ಹೊಕ್ಕುಳಿಗೆ ಸಗಣಿ, ಬೂದಿ, ಎಣ್ಣೆ, ಅರಿಶಿನ ಯಾವದನ್ನೂ ಹಚ್ಚದೆ ಒಣಗಲು ಬಿಡತಕ್ಕದ್ದು. ಹುಟ್ಟಿದ ಕೂಸಿನ ಧನುರ್ವಾಯು ಹಿಂದೆ ಊರೂರುಗಳಲ್ಲಿ ಕೊಲ್ಲುತ್ತಿತ್ತು. ಗರ್ಭಿಣಿಯರಿಗೆ ಸೂಜಿ ಹಾಕಿಸಿ, ಶುಚಿಯಾದ ಹೆರಿಗೆಯನ್ನು ಹಬ್ಬಿಸಿದ್ದರಿಂದ 2015 ರಲ್ಲಿ ಅದು ನಮ್ಮ ದೇಶದಲ್ಲಿ ಬಹುಮಟ್ಟಿಗೆ ನಿರ್ಮೂಲವಾಯಿತೆಂದು ನಿಶ್ಚಯಿಸಿದರು. ಹಳದಿ ಬಣ್ಣದ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವದು, ಅದಕ್ಕೆ ಬದಲಾಗಿ ಹರಳೆಣ್ಣೆ, ಜೇನು, ಸಕ್ಕರೆ ನೀರನ್ನು ನೆಕ್ಕಿಸುವದು ತೀರಾ ವಿಪರೀತ. ಆಕಳ ಗಿಣ್ಣನ್ನು ಕರುವಿಗೆ ಮೊದಲು ಕುಡಿಸಬೇಕೆಂದು ಬಲ್ಲ ರೈತನು ತನ್ನ ಮಗುವಿಗೆ ಅದನ್ನು ಯಾಕೆ ತಪ್ಪಿಸುವನು? ಕೂಸನ್ನು ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಬೇಕು. ಕೂಸು ಚೀಪುವಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ತಾನಾಗಿಯೇ ಹುಟ್ಟಿ ಗರ್ಭಕೋಶವನ್ನು ಬಿಗಿಯುತ್ತದೆ. ಸೂಜಿಯ ಮದ್ದೂ ಇದೂ ಒಂದೇ. ಆದರೆ ಅದು ಸೂಜಿಗೆ ಬದಲಲ್ಲ, ಸೂಜಿಯ ಸಂಗಡ ಸೇರುವ ಸಹಾಯ.

“ಇದು ಉಳಿಯುವ ಕೂಸಲ್ಲ” ಎಂಬ ಮೂರನೆಯ ಮಾತಿಗೆ ಉತ್ತರವು ದಕ್ಷಿಣ ಅಮೇರಿಕದ ಕೊಲಂಬಿಯ ದೇಶದಿಂದ ಬಂದಿತು. 1978 ರಲ್ಲಿ ಅಲ್ಲಿಯ ಬೊಗೊಟಾ ಪಟ್ಟಣದ ವೈದ್ಯ ಎಡ್ಗರ್ ರೇ ಎಂಬವರು, ಕಾವು ಕೊಡುವ ಪೆಟ್ಟಿಗೆಗಳು ಸಾಲದೆ ಹೋದದ್ದರಿಂದ, ತಿಂಗಳು ತುಂಬದೆ ಹುಟ್ಟಿದ ಸಣ್ಣ ಕೂಸುಗಳನ್ನು ತಾಯಿಯ ಎದೆಗೆ, ಬರೀ ಮೈಗೆ ಮೈ ತಗಲುವಂತೆ, ನೆಟ್ಟಗೆ ಕಟ್ಟಿಸಿದರು. ಮರಿಯನ್ನು ಹೊಟ್ಟೆಯ ಚೀಲದಲ್ಲಿ ಹೊರುವ ಕಾಂಗರೂ ಎಂಬ ಮೃಗದಿಂದ ಇದಕ್ಕೆ ಹೆಸರು ಬಂದಿತು. ಬಹು ದಿನ ಇದನ್ನು ಬಡವರ ಉಪಾಯವೆಂದು ಎಣಿಸುತ್ತಿದ್ದರು. ಹುಟ್ಟಿದ ಕೂಡಲೆ ಇದನ್ನು ಆರಂಭಿಸಿದರೆ ಹೇಗೆಂದು ಭಾರತವೂ ಆಫ್ರಿಕದ ನಾಲ್ಕು ದೇಶಗಳೂ ಸೇರಿ ನಡೆಸಿದ ಪರೀಕ್ಷೆಯ ಫಲವು 2021 ರಲ್ಲಿ ಹೊರಟಿತು. ಒಂದು ಕಿಲೋಗ್ರಾಮಿನಿಂದ 1.8 ಕಿಲೋಗ್ರಾಮಿನೊಳಗಿನ ತೂಕದ ಕೂಸುಗಳಲ್ಲಿ, ಮೊದಲು ಸ್ಥಿರವಾಗಲೆಂದು ಕಾದವುಗಳು ತಿಂಗಳೊಳಗೆ ನೂರಕ್ಕೆ 15.7 ಸತ್ತವು, ಹುಟ್ಟಿದ ಕೂಡಲೆ ಎದೆಗೆ ಹಚ್ಚಿದವುಗಳು ನೂರಕ್ಕೆ 12. ತಾಯಿಗೆ ಆಗದಿದ್ದರೆ ಅಜ್ಜಿಯ ಎದೆಯೂ ತಂದೆಯ ಎದೆಯೂ ಆದೀತು. ಇವು ಆಸ್ಪತ್ರೆಯಲ್ಲಿ ನೋಡಿಕೊಳ್ಳತಕ್ಕ ಕೂಸುಗಳು. ಆದರೆ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲಿಯೂ ಇದಕ್ಕಿಂತ ಒಳ್ಳೇ ಕಾವು ಇಲ್ಲ.

ಹಳೆಯ ಸೂಲಗಿತ್ತಿಯರನ್ನು ಹೀಯಾಳಿಸುವದು ನಮ್ಮ ಉದ್ದೇಶವಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕೂಲಿ ಕೇಳದೆ ಮಾಡಿಸಿ, 2018 ರಲ್ಲಿ ಪದ್ಮಶ್ರೀ ಪಡೆದು, ಅದೇ ವರುಷದ ದಶಂಬರದಲ್ಲಿ ತೀರಿಹೋದರು. ವೈದ್ಯರು ಕಾಲಿಡದ ಊರುಗಳಲ್ಲಿ ಅಂಥವರೇ ಆಸರೆಯಾಗಿದ್ದರು. ಈಗ ಕಾಲವು ಬೇರೆಯಾಯಿತು. 2019-21 ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಗಳಲ್ಲಿಯೇ ನಡೆದವು. 2001-03 ರಲ್ಲಿ ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದದ್ದು, 2018-20 ರಲ್ಲಿ 69 ಕ್ಕೆ ಇಳಿಯಿತು. ಆದರೆ ಆಸ್ಪತ್ರೆಯವರು ತಾಯಿಯನ್ನು ಬೇಗ ಮನೆಗೆ ಕಳುಹಿಸುವದುಂಟು, ಮನೆಯವರೂ ಹೊಲದ ಕೆಲಸವೆಂದು ಅವಸರ ಮಾಡುವದುಂಟು. ರಕ್ತಸ್ರಾವವೂ ನಂಜೂ ಮನೆಗೆ ಬಂದ ಮೇಲೆಯೂ ಬರುತ್ತವೆ. ಆದಕಾರಣ ಆಗ ಬಾಣಂತಿಯ ಬಳಿಯಲ್ಲಿ ಇರುವ ತಾಯಿ, ಅತ್ತೆ, ನಾದಿನಿಯರೇ ಕಾವಲುಗಾರರು.

ಅವರು ನೋಡತಕ್ಕದ್ದು ಇದು. ಬಾಣಂತಿಗೆ ಕೊಡುವ ಬಟ್ಟೆಗಳನ್ನು ಎಣಿಸಿ ಕೊಡಬೇಕು. ಹೆರಿಗೆಯ ತರುವಾಯ ಅರ್ಧ ಗಂಟೆಯೊಳಗೆ ಎರಡು ಮೂರು ಬಟ್ಟೆಗಳು ಪೂರಾ ತೊಯ್ದರೆ, ಅಥವಾ ದಿನದಿಂದ ದಿನಕ್ಕೆ ಕಡಿಮೆಯಾಗಬೇಕಾದ ರಕ್ತವು ಹೆಚ್ಚಾದರೆ ತಡಮಾಡಕೂಡದು. ಧಾರೆಯಾಗಿ ಹರಿಯದೆ ತೊಟ್ಟಿಕ್ಕುತ್ತಲೇ ಇರುವ ರಕ್ತವು ಇನ್ನೂ ಮೋಸಗಾರ; ಅದು ಯಾರನ್ನೂ ಹೆದರಿಸದೆ ಕೊಲ್ಲುತ್ತದೆ. ತುಟಿ ಬಿಳುಪಾಗುವದು, ಮೈ ತಣ್ಣಗೆ ಬೆವರುವದು, ನಾಡಿ ಓಡುವದು, ಬಾಯಾರಿಕೆ, ತಳಮಳ, ಇವು ಬಹಳ ರಕ್ತ ಹೋದದ್ದರ ಗುರುತುಗಳು. ಜ್ವರ, ದುರ್ವಾಸನೆಯ ಸ್ರಾವ, ಕಣ್ಣು ಮಂಜಾಗುವ ತಲೆನೋವು ಬಂದರೂ ಅದೇ ಪ್ರಕಾರ ಮಾಡಬೇಕು. 108 ಕ್ಕೆ ಕರೆದು, ಬಂಡಿ ಬರುವ ವರೆಗೆ ತಾಯಿಯನ್ನು ಮಲಗಿಸಿ, ಬೆಚ್ಚಗೆ ಹೊದಿಸಿ, ಮೂತ್ರ ಹೊಯ್ಯಿಸಿ, ಹೊಕ್ಕುಳಿನ ಕೆಳಗೆ ಗರ್ಭಕೋಶವು ಮೆತ್ತಗಿದ್ದರೆ ಅದು ಗಟ್ಟಿಯಾಗುವ ವರೆಗೆ ಅಂಗೈಯಿಂದ ಸುತ್ತಾಗಿ ತಿಕ್ಕಿ, ಕೂಸನ್ನು ಮೊಲೆಗೆ ಹಚ್ಚಬೇಕು. ರಕ್ತ ಕೊಡಬಲ್ಲ ಇಬ್ಬರು ಗಂಡಸರು ಸಂಗಡ ಹೋಗುವದು ಉತ್ತಮ; ತಾಯಿ ಕಾರ್ಡನ್ನು ಮರೆಯಬಾರದು. ತೊಯ್ದ ಬಟ್ಟೆಗಳನ್ನು ನಾಚಿಕೆಪಟ್ಟು ತೊಳೆಯದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ, ಇಷ್ಟು ಹೊತ್ತಿನಲ್ಲಿ ಇಷ್ಟು ಬಟ್ಟೆ ಎಂದು ಹೇಳತಕ್ಕದ್ದು.